ಹಕ್ಕಿ ಬಟ್ಟೆ

ಬೇರೆ ಹೊಲಿಗೆ ಅಂಗಡಿಗಳಲ್ಲಿ ಬಟ್ಟೆಯ ಗಂಟಿಗೆ ಚೀಟಿ ಚುಚ್ಚಿ ಹೆಸರು ಬರೆಯುತ್ತಾರೆ. ಗುಂಡುಸೂಜಿ ಎಂಬ ಅಡ್ಡಹೆಸರಿನ ಹುಡುಗಿಯ ಅಮ್ಮ ಹಾಗೆ ಮಾಡಿದವಳಲ್ಲ. ಒಂಟಿ ಗುಂಡಿಗಳ ತಗಡಿನ ಡಬ್ಬಿಯಲ್ಲಿ ಕೈಯಾಡಿಸಿ, ಒಂದನ್ನು ಆರಿಸಿ, ದಾರ ಪೋಣಿಸಿ ಹ್ಯಾಂಗರಿನ ಕುತ್ತಿಗೆಗೆ ಕಟ್ಟುತ್ತಿದ್ದಳು. ಚಿಪ್ಪಿನ ಗುಂಡಿ ಒಬ್ಬರದು, ಹಿತ್ತಾಳೆಯದು ಇನ್ನೊಬ್ಬರದು, ಅಂಚು ಮುಕ್ಕಾದ ಹಳದಿ ಗುಂಡಿ ಮತ್ತೊಬ್ಬರದು. ಯಾವುದು ಯಾರದೆಂಬುದು ಅವಳ ತಲೆಯಲ್ಲಿ ಮಾತ್ರ ಇರುತ್ತಿತ್ತು.

“ಹೊರಗಡೆ ಒಳಗೆಳ್ಕೊಂಡಿದ್ದ ಹೊಟ್ಟೇನ ಹೆಂಗಸರು ನನ್ನ ಟೇಪಿನ ಮುಂದೆ ಸಡಿಲ ಬಿಡ್ತಾರೆ. ಅಂಥೋರ ಹೆಸರನ್ನ ಗೋಡೆಗೆ ನೇತು ಹಾಕೋಕಾಗುತ್ತಾ?” ಎನ್ನುತ್ತಿದ್ದಳು.

“ಇವಳ ತಲೆ ಒಂದು ದಿನ ಕೈಕೊಟ್ರೆ ಬೀದಿಯ ಹೆಂಗಸರೆಲ್ಲ ಇನ್ನೊಬ್ಬರ ಬಟ್ಟೆ ಹಾಕ್ಕೊಂಡು ಓಡಾಡಬೇಕು ಅಷ್ಟೆ,” ಎಂದು ಕಾಜಾ ಹೊಲಿಯುತ್ತ ಕೂತ ಚಿಕ್ಕಮ್ಮ ನಗುತ್ತಿದ್ದಳು. ಅಮ್ಮ ಕತ್ತರಿಸುವುದು, ಹೊಲಿಯುವುದು. ಚಿಕ್ಕಮ್ಮನದು ಕಾಜಾ, ಗುಂಡಿ, ಹೆಮ್ಮಿಂಗು. ಮೆಟ್ಟಿಲ ಕೆಳಗಿನ ಆ ಉದ್ದನೆಯ ಕೋಣೆಯಲ್ಲಿ ಅಕ್ಕತಂಗಿಯರಿಬ್ಬರೂ ಸೇರಿ ಗುಂಡುಸೂಜಿಯನ್ನು ಬೆಳೆಸಿ ಕಾಲೇಜಿನ ಎರಡನೇ ವರ್ಷಕ್ಕೆ ತಂದಿದ್ದರು. ಆ ಹೆಸರು ಚಿಕ್ಕಮ್ಮ ಇಟ್ಟದ್ದು. ಮೈ ಸಣ್ಣ, ತಲೆ ಗುಂಡಗೆ, ಮಾತು ಮೊನಚು. ಕಾಲೇಜಿನಲ್ಲೂ ಅದೇ ಹೆಸರು ಅಂಟಿಕೊಂಡಿತ್ತು.

ಬೀದಿಯ ತುದಿಯಲ್ಲಿ ರೆಡಿಮೇಡ್ ಬಟ್ಟೆಯ ದೊಡ್ಡ ಮಳಿಗೆ ತೆರೆದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಆಗ ಗುಂಡುಸೂಜಿ ಫೋನಿನಲ್ಲಿ ‘ಅಮ್ಮನ ಕತ್ತರಿ’ ಎಂಬ ಖಾತೆ ತೆರೆದಳು. ಕತ್ತರಿ ಬಟ್ಟೆಯ ಮೇಲೆ ಹರಿಯುವುದು, ಇಸ್ತ್ರಿಪೆಟ್ಟಿಗೆಯ ಕೆಳಗೆ ಹೊಲಿಗೆ ಮಲಗುವುದು, ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ದಾರ ಪೋಣಿಸುವುದು, ಇಂಥವನ್ನೆಲ್ಲ ಪುಟ್ಟ ವಿಡಿಯೋ ಮಾಡಿ ಹಾಕುತ್ತಿದ್ದಳು. ಜನ ನೋಡಿದರು. ಹಿಂದಿನ ಬೀದಿಯವರು, ಆಮೇಲೆ ಹೊಳೆಯಾಚೆಯವರು ಬಟ್ಟೆ ಹಿಡಿದು ಬಂದರು. ಅಮ್ಮ ಮಗಳ ಬೆನ್ನು ತಟ್ಟಲಿಲ್ಲ, ಅದು ಅವಳ ಸ್ವಭಾವವಲ್ಲ. ಆದರೆ ಬಂದವರಿಗೆ ಕುರ್ಚಿ ಸರಿಸುತ್ತ, “ನಮ್ಮ ಹುಡುಗೀದು ನೋಡಿ ಬಂದ್ರಾ?” ಎಂದು ತಾನಾಗಿಯೇ ಕೇಳತೊಡಗಿದಳು.

ಗುಂಡುಸೂಜಿ ಬೇಕಾಬಿಟ್ಟಿ ಹುಡುಗಿಯಾಗಿರಲಿಲ್ಲ. ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಟ್ರಯಲ್ ರೂಮಿನೊಳಗೆ ಫೋನು ಒಯ್ಯುತ್ತಿರಲಿಲ್ಲ. ವಿಡಿಯೋ ಮಾಡುವಾಗ ಗೋಡೆಯ ಕನ್ನಡಿಗೆ ದುಪ್ಪಟಿ ಹೊದಿಸುತ್ತಿದ್ದಳು. ಕಾಲೇಜಿನಲ್ಲಿ ಜಾಲತಾಣಗಳನ್ನು ಜವಾಬ್ದಾರಿಯಿಂದ ಬಳಸುವುದರ ಬಗ್ಗೆ ಒಂದು ಕಾರ್ಯಕ್ರಮ ನಡೆದಾಗ ಪೋಸ್ಟರು ಮಾಡಿದವಳು ಅವಳೇ. ಮುಖ ತೋರಿಸಬೇಡಿ, ಹೆಸರು ಹೇಳಬೇಡಿ, ಜಾಗ ಗೊತ್ತುಪಡಿಸಬೇಡಿ, ಕೇಳದೆ ಹಾಕಬೇಡಿ ಎಂದು ಬಣ್ಣದ ಅಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದ್ದಳು. ಆ ಕಾರ್ಯಕ್ರಮದ ಉಸ್ತುವಾರಿ ಸಂಖ್ಯಾಶಾಸ್ತ್ರ ಕಲಿಸುವ ಮೇಡಂ ಅವರದಾಗಿತ್ತು. ಉತ್ತರದಲ್ಲಿ ಕೊನೆಯ ಅಂಕಿ ತಪ್ಪಿದರೂ ಬಿಡದವರಾದ್ದರಿಂದ ಹುಡುಗಿಯರು ಅವರನ್ನು ಬೆನ್ನ ಹಿಂದೆ ‘ದಶಮಾಂಶ ಮೇಡಂ’ ಎನ್ನುತ್ತಿದ್ದರು. ಅವರು ಪೋಸ್ಟರನ್ನು ತಲೆ ಓರೆ ಮಾಡಿ ನೋಡಿ, “ಚೆನ್ನಾಗಿದೆ. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿರು. ಏನಾದರೂ ಒಂದು ಬಿಟ್ಟುಹೋಗಿರುತ್ತೆ, ಯಾವಾಗಲೂ,” ಎಂದಿದ್ದರು. ಗುಂಡುಸೂಜಿ ಖಾಲಿ ಬಿಟ್ಟಿದ್ದಳು, ಮೇಡಂ ಹೇಳಿದರೆಂದು.

ದಶಮಾಂಶ ಮೇಡಂ ಅವರ ಇನ್ನೊಂದು ಪ್ರಸಿದ್ಧಿ ಅವರ ಬಟ್ಟೆ. ಮಾತು ಎಷ್ಟು ಒಣಕಲೋ ಅಂಗಿ ಅಷ್ಟು ರಂಗುರಂಗು. ಒಂದು ದಿನ ಮೈತುಂಬ ಕೊಡೆಗಳು, ಇನ್ನೊಂದು ದಿನ ಹಾಯಿದೋಣಿಗಳು, ಒಮ್ಮೆ ಬರೀ ಕೀಲಿಕೈಗಳು. ಎಲ್ಲಿಂದ ಆಯ್ದು ತರುತ್ತಿದ್ದರೋ, ಅಂಥ ಬಟ್ಟೆ ಬೇರೆ ಯಾರ ಮೈಮೇಲೂ ಕಂಡದ್ದಿಲ್ಲ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು, ಇವತ್ತು ಪ್ರಾಣಿಯೋ ಹಣ್ಣೋ ಎಂದು ಹುಡುಗಿಯರು ಪಂಥ ಕಟ್ಟುತ್ತಿದ್ದರು.

ನಂತರ ಅವರು ದೀರ್ಘ ರಜೆಯ ಮೇಲೆ ಹೋದರು. ಬೆನ್ನುನೋವು ಎಂದು ಆಫೀಸಿನವರು ಹೇಳಿದರು. ಮರಳಿ ಬಂದಾಗ ಮೈ ಇಳಿದಿತ್ತು. ಸೆಕೆಯಲ್ಲೂ ಕಪ್ಪು ಬಣ್ಣದ ದೊಗಳೆ ಕೋಟೊಂದನ್ನು ತೊಟ್ಟೇ ಪಾಠ ಮಾಡುತ್ತಿದ್ದರು. ಪಂಥ ಕಟ್ಟುವುದು ನಿಂತುಹೋಯಿತು.

*

ಆ ಮಧ್ಯಾಹ್ನ ಗುಂಡುಸೂಜಿ ಕಾಲೇಜಿನಿಂದ ಬೇಗ ಬಂದಿದ್ದಳು. ಕಿಟಕಿಯ ಬಿಸಿಲು ಕತ್ತರಿಸುವ ಮೇಜಿನ ಮೇಲೆ ಹಾಸಿಕೊಂಡಿತ್ತು. ಮೇಜಿನ ಮೇಲೆ ಇಟ್ಟಿಗೆ ಬಣ್ಣದ ಬಟ್ಟೆ, ಅದರ ತುಂಬ ಬೂದುಬಣ್ಣದ ಪುಟ್ಟ ಹಕ್ಕಿಗಳು. ಎಲ್ಲವೂ ಒಂದೇ ಕಡೆಗೆ ಹಾರುತ್ತಿದ್ದವು. ಅಮ್ಮ ಅದನ್ನು ಕತ್ತರಿಸಿ ಆಗಿತ್ತು, ಎದೆಯ ಭಾಗ ಜೋಡಿಸುತ್ತಿದ್ದಳು. ಹೊಲಿಗೆ ಬೀಳುವ ಜಾಗದಲ್ಲಿ ಒಂದು ಹಕ್ಕಿಯ ರೆಕ್ಕೆಯೂ ತುಂಡಾಗದಂತೆ ಈ ತುಂಡಿನ ಅರ್ಧ ಹಕ್ಕಿಗೆ ಆ ತುಂಡಿನ ಅರ್ಧ ಹಕ್ಕಿಯನ್ನು ಕೂಡಿಸುತ್ತಿದ್ದಳು. ಮುಗಿದ ಕಡೆ ಬೆರಳಾಡಿಸಿ ನೋಡಿದರೆ ಹೊಲಿಗೆ ಕೈಗೆ ಸಿಗುತ್ತಿತ್ತು, ಕಣ್ಣಿಗೆ ಸಿಗುತ್ತಿರಲಿಲ್ಲ.

ಒಳಮೈಯಲ್ಲಿ, ಎಡಗಡೆ, ಮೆತ್ತನೆಯ ಲೈನಿಂಗ್ ಬಟ್ಟೆಯ ಒಂದು ಜೇಬಿತ್ತು. ಪಕ್ಕದಲ್ಲಿ ಅಂಗೈಯಗಲದ ದುಂಡನೆ ಮೆತ್ತೆ. ಅದರೊಳಗೆ ಅಮ್ಮ ಗಾಜಿನ ಸಣ್ಣ ಮಣಿಗಳನ್ನು ತುಂಬುತ್ತಿದ್ದಳು.

“ಮಣಿ ಯಾಕಮ್ಮ? ಹತ್ತಿ ಸಾಲದಾ?”

“ಭಾರ ಬೇಡ್ವಾ? ಹತ್ತಿ ಹಗುರ. ಕೈ ಎತ್ತಿದ ತಕ್ಷಣ ಅಂಗಿ ಆ ಕಡೆ ಮೇಲೆ ಹೋಗುತ್ತೆ. ಇನ್ನೊಂದು ಕಡೆಯ ಹಾಗೇ ಇರಬೇಕು, ಇಳಿಬೇಕು, ಅಲುಗಬೇಕು.”

ಆಪರೇಷನ್ ಆಗಿ ಒಂದು ಸ್ತನ ತೆಗೆಸಿಕೊಂಡ ಹೆಂಗಸರಿಗೆ ಅಮ್ಮ ಹೀಗೆ ಹೊಲಿದುಕೊಡುತ್ತಾಳೆಂಬುದು ಗುಂಡುಸೂಜಿಗೆ ಗೊತ್ತಿತ್ತು. ಅವರು ಬರುತ್ತಿದ್ದದ್ದು ವಾರದ ರಜೆಯ ದಿನ, ಅಂಗಡಿಯ ಶಟರು ಅರ್ಧ ಇಳಿದಿರುವಾಗ. ಆ ಹೊತ್ತಿಗೆ ಗುಂಡುಸೂಜಿಯನ್ನು ಏನಾದರೊಂದು ನೆಪ ಹೇಳಿ ಹೊರಗೆ ಕಳಿಸುತ್ತಿದ್ದರು. ಈ ಅಂಗಿಯ ಹ್ಯಾಂಗರಿಗೆ ಅಂಚು ಮುಕ್ಕಾದ ಹಳದಿ ಗುಂಡಿ ಕಟ್ಟಿತ್ತು. ಯಾರದೆಂದು ಅವಳು ಕೇಳಲಿಲ್ಲ. ಕೇಳಬಾರದೆಂಬುದು ಮನೆಯ ಪದ್ಧತಿ, ಆ ಪದ್ಧತಿಯ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

“ಅಮ್ಮ, ಇದನ್ನ ವಿಡಿಯೋ ಮಾಡ್ಲಾ?”

ಅಮ್ಮನ ಬಾಯಲ್ಲಿ ಪಿನ್ನುಗಳಿದ್ದವು. ತುಟಿಯ ಮೂಲೆಯಿಂದಲೇ, “ಮಾಡ್ಕೋ. ನನ್ನ ಮೂತಿ ಬರಬಾರದು. ತಲೆ ಬಾಚಿಲ್ಲ,” ಎಂದಳು.

“ನನ್ನದೂ ಬೇಡಮ್ಮಾ,” ಎಂದಳು ಚಿಕ್ಕಮ್ಮ, “ಆಮೇಲೆ ಗಂಡುಗಳು ಸಾಲಾಗಿ ನಿಂತುಬಿಟ್ರೆ ಕಷ್ಟ.”

ಅಮ್ಮನ ಕೈ, ಹಕ್ಕಿಗಳು ಕೂಡುವುದು, ಮಣಿಗಳು ಜಾರಿ ಮೆತ್ತೆಗೆ ಇಳಿಯುವುದು, ಮೆತ್ತೆ ಜೇಬಿನೊಳಗೆ ಸೇರುವುದು, ಅಂಗಿಯನ್ನು ತಿರುಗಿಸಿದಾಗ ಏನೂ ಕಾಣದಿರುವುದು ಎಲ್ಲವೂ ವಿಡಿಯೋದಲ್ಲಿ ಬಂತು. ಗುಂಡುಸೂಜಿ ಮೆಲುದನಿಯಲ್ಲಿ ಮಾತು ಸೇರಿಸಿದಳು. ಕಾಯಿಲೆಯಿಂದ ಎದೆ ಕಳೆದುಕೊಂಡವರಿಗೆ ನಮ್ಮಮ್ಮ ಹೀಗೆ ಹೊಲಿಯುತ್ತಾಳೆ, ಯಾರಿಗೂ ಗೊತ್ತಾಗದ ಹಾಗೆ, ಎಂದಳು. ಹಾಕುವ ಮುಂಚೆ ಮತ್ತೆ ಮತ್ತೆ ನೋಡಿದಳು. ಮುಖವಿಲ್ಲ, ಹೆಸರಿಲ್ಲ, ಬೀದಿಯಿಲ್ಲ. ಹಳದಿ ಗುಂಡಿ ಕಂಡ ತುಣುಕನ್ನೂ ವಿಡಿಯೋದಿಂದ ತೆಗೆದಿದ್ದಳು. ಅಮ್ಮನನ್ನು ಕೇಳಿಯೂ ಆಗಿತ್ತು. ಪೋಸ್ಟರಿನ ಒಂದೊಂದು ಸಾಲೂ ಪಾಲನೆಯಾಗಿತ್ತು.

ಆ ವಿಡಿಯೋ ಓಡಿದಷ್ಟು ಯಾವುದೂ ಓಡಿರಲಿಲ್ಲ. ಅತ್ತುಬಿಟ್ಟೆವು ಎಂದು ಬರೆದವರಿದ್ದರು. ಎಲ್ಲಿಯವಳೋ ಒಬ್ಬಳು, “ನನ್ನ ತಾಯಿ ಆಪರೇಷನ್ ಆದಾಗಿನಿಂದ ಮನೆಯಿಂದ ಹೊರಗೆ ಬಂದಿಲ್ಲ. ಇದನ್ನು ತೋರಿಸಿದೆ. ಎಲ್ಲಿ ಹೊಲಿಸಬಹುದು ಅಂತ ಅವರೇ ಕೇಳಿದರು,” ಎಂದು ಬರೆದಿದ್ದಳು. ಗುಂಡುಸೂಜಿ ಅದನ್ನು ಗಟ್ಟಿಯಾಗಿ ಓದಿದಾಗ ಅಮ್ಮ ಮೆಷಿನ್ನು ನಿಲ್ಲಿಸಿ ಕೇಳಿದಳು, ಮತ್ತೆ ತುಳಿಯತೊಡಗಿದಳು. ಸದ್ದು ಮಾತ್ರ ಮೊದಲಿಗಿಂತ ಹಗುರವಾಗಿತ್ತು. ತರಗತಿಯ ಗ್ರೂಪಿನಲ್ಲಿ ಅದನ್ನು ಹಂಚಿದವಳು ಪಕ್ಕದ ಬೆಂಚಿನ ಗೆಳತಿ. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲದ ಕಾರಣ ಅವಳಿಗೆ ರೇಡಿಯೋ ಎಂದು ಹೆಸರು. “ನಮ್ಮ ಗುಂಡುಸೂಜಿಯ ಅಮ್ಮ! ಎಲ್ಲರೂ ನೋಡಿ, ಅಳಿ, ಲೈಕ್ ಒತ್ತಿ,” ಎಂದು ಕೆಳಗೆ ಬರೆದಿದ್ದಳು.

ಎಲ್ಲರೂ ನೋಡಿದರು.

*

ಮುಂದಿನ ವಾರದ ಮೊದಲ ಪಾಠ ಸಂಖ್ಯಾಶಾಸ್ತ್ರದ್ದು. ಬಾಗಿಲು ತೆರೆಯಿತು. ದಶಮಾಂಶ ಮೇಡಂ ಕೋಟಿಲ್ಲದೆ ಬಂದರು.

ಹಿಂದಿನ ಬೆಂಚಿನಿಂದ ಯಾರೋ ಹೋ ಎಂದರು. ಬಣ್ಣ ತಿರುಗಿ ಬಂತಲ್ಲ ಎಂಬ ಖುಷಿಯ ಕೂಗು ಅದು. ಇನ್ನಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮೇಡಂ ನಕ್ಕರು. ಅವರು ನಗುವುದು ಅಪರೂಪ. “ಸಾಕು ಸಾಕು, ಪಂಥ ಗೆದ್ದೋರು ಯಾರು ಅಂತ ಆಮೇಲೆ ಹೇಳಿ,” ಎಂದರು. ಹುಡುಗಿಯರ ಪಂಥ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು!

ಇಟ್ಟಿಗೆ ಬಣ್ಣ. ಬೂದುಬಣ್ಣದ ಹಕ್ಕಿಗಳು, ಎಲ್ಲವೂ ಒಂದೇ ಕಡೆಗೆ.

ತಾನೊಬ್ಬಳೇ ಗುರುತಿಸಿರಲಿ, ಬೇರೆ ಯಾರಿಗೂ ಹೊಳೆಯದಿರಲಿ ಎಂದುಕೊಳ್ಳುವಷ್ಟರಲ್ಲೇ ಪಕ್ಕದಲ್ಲಿ ರೇಡಿಯೋ ಉಸಿರೆಳೆದುಕೊಂಡಳು. ಮುಂದಿನ ಬೆಂಚಿನವಳು ಹಿಂದೆ ತಿರುಗಿ ಗುಂಡುಸೂಜಿಯ ಮುಖ ನೋಡಿದಳು, ಮತ್ತೆ ಮೇಡಂ ಕಡೆ ತಿರುಗಿದಳು. ಚಪ್ಪಾಳೆ ಎಲ್ಲಿ ಹುಟ್ಟಿತ್ತೋ ಅಲ್ಲೇ ಸತ್ತಿತು. ಬೆಂಚಿನಿಂದ ಬೆಂಚಿಗೆ ಮೌನ ಹರಡುವುದನ್ನು ಗುಂಡುಸೂಜಿ ಅದುವರೆಗೆ ಕಂಡಿರಲಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ, ಯಾರೂ ನಗಲಿಲ್ಲ. ಆದರೆ ಅಷ್ಟೂ ಜನರ ಕಣ್ಣು ಹೋಗಿ ನಿಂತದ್ದು ಒಂದೇ ಕಡೆ, ಎಡಗಡೆ.

ಮೇಡಂ ತಲೆ ಬಗ್ಗಿಸಿ ಅಂಗಿ ನೋಡಿಕೊಂಡರು. ಗುಂಡಿ ಬಿಚ್ಚಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ತಲೆ ಎತ್ತಿ ತರಗತಿಯನ್ನು ಮತ್ತೊಮ್ಮೆ ನೋಡಿದರು. ಅಂಕಿಗಳ ನಡುವೆ ತಪ್ಪು ಹುಡುಕಿ ಬದುಕಿದವರಿಗೆ ಕಣ್ಣುಗಳ ಲೆಕ್ಕ ತಿಳಿಯಲು ಎಷ್ಟು ಹೊತ್ತು ಬೇಕು? ಹಾಜರಿ ಪುಸ್ತಕವನ್ನು ಎತ್ತಿ ಎಡಗೈಯಿಂದ ಎದೆಗೆ ಅವಚಿಕೊಂಡರು. ಬಲಗೈಯಿಂದ ಬೋರ್ಡಿನ ಮೇಲೆ ಬರೆಯತೊಡಗಿದರು. ಇಡೀ ಪಾಠ ಹಾಗೆಯೇ ನಡೆಯಿತು. ಬೋರ್ಡು ಒರೆಸುವಾಗಲೂ ಪುಸ್ತಕ ಕೆಳಗಿಡಲಿಲ್ಲ.

ಗಂಟೆ ಹೊಡೆದ ತಕ್ಷಣ ಗುಂಡುಸೂಜಿ ಮೆಟ್ಟಿಲ ಸಂದಿಗೆ ಓಡಿ ವಿಡಿಯೋ ಅಳಿಸಿದಳು. ಹಿಂದೆಯೇ ಬಂದ ರೇಡಿಯೋಳ ಮುಖ ಸಪ್ಪೆಯಾಗಿತ್ತು.

“ಲೇ, ನಿನಗೆ ಗೊತ್ತಿರಲಿಲ್ವಾ?”

“ಇಲ್ಲ ಕಣೇ. ಅಮ್ಮ ಯಾರ ಹೆಸರೂ ಹೇಳಲ್ಲ.”

“ಅಳಿಸಿದ್ಯಲ್ಲ, ಆಯ್ತು ಬಿಡು.” ರೇಡಿಯೋ ತನ್ನ ಫೋನು ತೋರಿಸಿದಳು. “ಗ್ರೂಪಲ್ಲಿ ಮಾತ್ರ… ಯಾರೋ ಮೇಡಂ ಫೋಟೋನೂ ವಿಡಿಯೋದ ಚಿತ್ರಾನೂ ಅಕ್ಕಪಕ್ಕ ಇಟ್ಟು ಹಾಕಿದ್ದಾರೆ. ಪಾಪ ಅಂತಾನೇ ಬರೆದಿದ್ದಾರೆ, ಕೆಟ್ಟದಾಗೇನಲ್ಲ. ಫಸ್ಟ್ ಇಯರ್ ಗ್ರೂಪಿಗೂ ಹೋಗಿದೆ.”

“ತೆಗೆಸು. ಈಗಲೇ ತೆಗೆಸು.”

“ತೆಗೆಸ್ತೀನಿ. ನೋಡಿದೋರ ತಲೆಯಿಂದ ಹೇಗೆ ತೆಗೆಸ್ಲಿ?” ಎಂದಳು ರೇಡಿಯೋ. ಆಮೇಲೆ ಸಮಾಧಾನ ಹೇಳುವಂತೆ, “ಸಾರಿ ಕೇಳಿ ಒಂದು ವಿಡಿಯೋ ಹಾಕಿಬಿಡು. ತಪ್ಪಾಯ್ತು, ಗೊತ್ತಿರಲಿಲ್ಲ ಅಂತ. ಜನ ಅರ್ಥ ಮಾಡ್ಕೋತಾರೆ,” ಎಂದಳು.

ಹಾಕಬೇಕೆಂದು ಗುಂಡುಸೂಜಿಗೆ ಆಸೆಯಾಗದೇ ಇರಲಿಲ್ಲ. ಏನು ಹೇಳಬೇಕೆಂಬ ಮಾತುಗಳು ಆಗಲೇ ನಾಲಿಗೆಯ ಮೇಲೆ ಸಾಲುಗಟ್ಟಿದ್ದವು. ಫೋನು ಎತ್ತಿ ತನ್ನ ಮುಖ ಅದರಲ್ಲಿ ಕಂಡಾಗ ಮಾತ್ರ ಕೈ ಕೆಳಗಿಳಿಸಿದಳು. ಯಾರ ಕ್ಷಮೆ ಕೇಳುತ್ತಿದ್ದೇನೆಂದು ಹೇಳದೆ ಕ್ಷಮೆ ಕೇಳುವುದು ಹೇಗೆ? ಇನ್ನೂ ಗೊತ್ತಿಲ್ಲದವರಿಗೆ ಅದೇ ಡಂಗುರವಾಗುತ್ತದೆ. ಫೋನನ್ನು ಚೀಲಕ್ಕೆ ತುರುಕಿ ಮನೆಗೆ ಹೊರಟಳು.

*

ಗುಂಡುಸೂಜಿ ನಡೆದದ್ದನ್ನು ಹೇಳುವಾಗ ಅಮ್ಮ ಕುಳಿತು ಕೇಳಿದಳು. ಮಧ್ಯದಲ್ಲಿ ಒಂದೇ ಒಂದು ಸಲ ಬಾಯಿ ಹಾಕಿದಳು.

“ಹಕ್ಕಿ ಕಾಣಿಸ್ತಿತ್ತಾ?”

“ಮುಖ ಇರಲಿಲ್ಲಮ್ಮ. ಹೆಸರೂ—”

“ಹಕ್ಕಿ ಕಾಣಿಸ್ತಿತ್ತೇನೇ ಅಂದೆ.”

“ಕಾಣಿಸ್ತಿತ್ತು.”

ಚಿಕ್ಕಮ್ಮನ ಕೈಯಿಂದ ಸೂಜಿ ಬಿತ್ತು, ಅವಳು ಹುಡುಕಲಿಲ್ಲ. ಅಮ್ಮ ಮೇಜಿನ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತಳು. ಅಲ್ಲಿ ಧೂಳೇನೂ ಇರಲಿಲ್ಲ.

“ನಿನಗೆ ಗೊತ್ತಾಗಬಾರದು ಅಂತಲೇ ಅವರು ಕೇಳ್ಕೊಂಡಿದ್ದು. ನಿಮ್ಮ ಮಗಳು ನಮ್ಮ ಕಾಲೇಜಲ್ಲೇ ಓದ್ತಾಳಲ್ಲ ಅಕ್ಕ, ಅವಳಿಗೊಂದು ತಿಳಿಯೋದು ಬೇಡ ಅಂದ್ರು. ನಾನು ನಿನ್ನಿಂದ ಮುಚ್ಚಿಟ್ಟೆ. ಮುಚ್ಚಿಟ್ಟೆ ಅಂತ ನಿಶ್ಚಿಂತೆಯಾಗಿದ್ದೆ.” ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, “ನನ್ನ ಕೈಯಲ್ಲೇ ಇತ್ತು ಬಟ್ಟೆ. ಫೋನು ನನ್ನ ಎದುರಿಗೇ ಇತ್ತು. ನನಗೆ ನನ್ನ ತಲೆಗೂದಲಿನ ಚಿಂತೆ,” ಎಂದಳು.

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗುಂಡುಸೂಜಿಗೆ. ಅಮ್ಮ ಬೈಯಲಿಲ್ಲ. ಎದ್ದು ಮುಖ ತೊಳೆದು, ತಲೆ ಬಾಚಿ, “ಹೊರಡು,” ಎಂದಳು.

ಮೇಡಂ ಮನೆ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿತ್ತು. ಕಿಟಕಿಯ ಪರದೆಯ ಮೇಲೆ ಕೊಡೆಗಳು. ಮೇಡಂ ಹಿಂದೆ ತೊಡುತ್ತಿದ್ದ ಅಂಗಿಯ ಬಟ್ಟೆಯೇ ಅದು, ಮಿಕ್ಕಿದ್ದರಲ್ಲಿ ಹೊಲಿಸಿದ್ದಿರಬೇಕು. ಬಾಗಿಲು ತೆರೆದ ಮೇಡಂ ಮನೆಯಲ್ಲಿ ತೊಡುವ ಸಡಿಲ ಅಂಗಿಯಲ್ಲಿದ್ದರು. ಮೆತ್ತೆ ಇರಲಿಲ್ಲ. ಗುಂಡುಸೂಜಿ ಥಟ್ಟನೆ ಕಣ್ಣನ್ನು ಅವರ ಪಾದಗಳಿಗೆ ಇಳಿಸಿದಳು.

“ಮುಖ ನೋಡು,” ಎಂದರು ಮೇಡಂ. “ಮುಖ ಇನ್ನೂ ಅಲ್ಲೇ ಇದೆ.”

ಒಳಗೆ ಕೂರಿಸಿದರು. ನೀರು ತಂದಿಟ್ಟರು. ಅಮ್ಮ, “ತಪ್ಪು ನಂದೂ ಇದೆ ಮೇಡಂ,” ಎಂದು ಶುರುಮಾಡಿದಾಗ ಅವರು ಕೈ ಎತ್ತಿ ತಡೆದರು.

“ಇರಲಿ ಅಕ್ಕ, ಅವಳು ಹೇಳಲಿ.”

ಗುಂಡುಸೂಜಿ ಹೇಳಿದಳು. ಏನನ್ನೂ ಬಿಡದೆ ಹೇಳಿದಳು. ಮುಖ ತೋರಿಸಿರಲಿಲ್ಲವೆಂಬುದನ್ನು, ಹಳದಿ ಗುಂಡಿಯನ್ನೂ ವಿಡಿಯೋದಲ್ಲಿ ಕಾಣದಂತೆ ತೆಗೆದಿದ್ದನ್ನು, ಅಳಿಸಿದ್ದನ್ನು, ಅಳಿಸಿಯೂ ಉಳಿದುಹೋದದ್ದನ್ನು ಹೇಳಿದಳು.

“ವಿಡಿಯೋ ನಾನೂ ನೋಡಿದೆ. ಯಾರೋ ಕಳಿಸಿದ್ರು,” ಎಂದರು ಮೇಡಂ. “ಚೆನ್ನಾಗಿದೆ. ಹಕ್ಕಿ ಕೂಡಿಸೋದನ್ನ ಅಷ್ಟು ಹತ್ತಿರದಿಂದ ನಾನೂ ನೋಡಿರಲಿಲ್ಲ. ಯಾರನ್ನ ಕೇಳಿ ಹಾಕಿದೆ?”

“ಅಮ್ಮನ್ನ ಕೇಳಿದ್ದೆ ಮೇಡಂ.”

“ಅಂಗಿ ಅಮ್ಮಂದಾ?”

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟವರ ಎದುರು ಮೇಡಂ ಹೀಗೆಯೇ ಕಾಯುತ್ತಿದ್ದರು, ಸಿಟ್ಟಿಲ್ಲದೆ, ಮುಂದಿನ ಸಾಲು ಅವರೇ ಬರೆಯಲೆಂದು.

“ನನ್ನ ಅಣ್ಣನ ಮಗಳು ನಮ್ಮ ಕಾಲೇಜಲ್ಲೇ ಫಸ್ಟ್ ಇಯರ್,” ಎಂದರು ಮೇಡಂ ಕೊನೆಗೆ. “ನಮ್ಮಮ್ಮ ಇರೋದು ಅವರ ಮನೇಲಿ. ಅಮ್ಮನಿಗೆ ನಾನು ಹೇಳಿರಲಿಲ್ಲ. ಬೆನ್ನುನೋವು ಅಂತಲೇ ಹೇಳಿದ್ದೆ. ವಯಸ್ಸಾಗಿದೆ, ಹೇಗೆ ಹೇಳೋದು, ಯಾವ ಮಾತಿಂದ ಶುರು ಮಾಡೋದು ಅಂತ ಹೊಂದಿಸ್ತಾ ಇದ್ದೆ. ಈ ಅಂಗಿ ಹಾಕ್ಕೊಂಡು ಹೋಗಿ ಎದುರಿಗೆ ನಿಂತು, ನೋಡಮ್ಮ, ಕಾಯಿಲೆ ಎಲ್ಲ ಮುಗೀತು, ನೋಡು ಹೇಗಿದ್ದೀನಿ ಅಂತ ತೋರಿಸಿ ಹೇಳೋಣ ಅಂತಿದ್ದೆ. ಅದಕ್ಕೇ ಹಕ್ಕಿ ಆರಿಸಿದ್ದು.” ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಸರಿಸಿದರು. “ಗ್ರೂಪಲ್ಲಿ ಬಂದ ಚಿತ್ರಾನ ಮೊಮ್ಮಗಳು ತೋರಿಸಿದ್ದಾಳೆ. ಮಧ್ಯಾಹ್ನ ಅಮ್ಮನ ಫೋನ್ ಬಂತು. ಯಾಕೆ ಹೇಳಲಿಲ್ಲ ಅಂತ ಕೇಳ್ತಾರೆ ಅಂದ್ಕೊಂಡೆ. ಕೇಳಲಿಲ್ಲ. ಊಟ ಮಾಡಿದ್ಯಾ ಅಂದ್ರು, ಇಟ್ಟುಬಿಟ್ರು.”



“ಕ್ಷಮಿಸಿ ಮೇಡಂ,” ಎಂದಳು ಗುಂಡುಸೂಜಿ.

“ನೀನು ಬೇಕಂತ ಮಾಡಿಲ್ಲ, ಗೊತ್ತು. ಕ್ಷಮಿಸಿದೆ ಅಂತ ಬಾಯಿಮಾತಿಗೆ ಹೇಳಬಹುದು. ಇವತ್ತು ನನಗೆ ಅದು ಬರ್ತಾ ಇಲ್ಲ ಕಣಮ್ಮ. ಬಂದಾಗ ಹೇಳ್ತೀನಿ.”

ಹೊರಡುವಾಗ ಮೇಡಂ ಒಳಗಿನಿಂದ ಹಕ್ಕಿ ಅಂಗಿಯನ್ನು ತಂದು ಅಮ್ಮನ ಕೈಗಿತ್ತರು. ಒಂದು ಸುಕ್ಕೂ ಇಲ್ಲದಂತೆ ಮಡಿಸಿದ್ದರು. “ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲ ಅಕ್ಕ. ಹಾಕ್ಕೊಳೋಕೆ ನನ್ನ ಕೈಲಾಗಲ್ಲ. ಇನ್ನೊಂದು ಹೊಲಿದುಕೊಡಿ. ಬಟ್ಟೆ ನೀವೇ ತನ್ನಿ. ಬೂದುಬಣ್ಣದ್ದು, ಚಿತ್ರಗಿತ್ರ ಏನೂ ಬೇಡ. ಯಾವ ಅಂಗಡಿಗೆ ಹೋದ್ರೂ ಸಿಗೋ ಅಂಥದ್ದು.”

ದಾರಿಯುದ್ದಕ್ಕೂ ಅಮ್ಮ ಮಡಿಸಿದ ಅಂಗಿಯನ್ನು ಎದೆಗೆ ಅವಚಿಕೊಂಡು ನಡೆದಳು. ಗುಂಡುಸೂಜಿ ಹಿಂದಿನಿಂದ ಬರುತ್ತಿದ್ದಳು. ಅಮ್ಮನ ಪಕ್ಕಕ್ಕೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ.

*

ಬೂದು ಬಟ್ಟೆ ಕತ್ತರಿಸುವಾಗ ಅಮ್ಮ ಹಿಂದೆಮುಂದೆ ನೋಡಬೇಕಾಗಿರಲಿಲ್ಲ. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಒಂದೇ ಓಟಕ್ಕೆ ಓಡಿತು. ಕೂಡಿಸಲು ರೆಕ್ಕೆಗಳಿಲ್ಲ.

“ಸುಲಭದ ಬಟ್ಟೆ,” ಎಂದಳು ಚಿಕ್ಕಮ್ಮ. ಆಮೇಲೆ, ಹೇಳಬಾರದಿತ್ತೆಂಬಂತೆ ತಲೆ ತಗ್ಗಿಸಿ ಕಾಜಾ ಹೊಲಿಯತೊಡಗಿದಳು.

ಅಮ್ಮ ಹಕ್ಕಿ ಅಂಗಿಯ ಹ್ಯಾಂಗರಿನಿಂದ ಹಳದಿ ಗುಂಡಿಯನ್ನು ಬಿಚ್ಚಿ ಬೂದು ಅಂಗಿಯ ಹ್ಯಾಂಗರಿಗೆ ಕಟ್ಟಿದಳು. ಹಕ್ಕಿ ಅಂಗಿಗೆ ಬೇರೆ ಗುಂಡಿ ಕಟ್ಟಲಿಲ್ಲ. ಅದರ ಹೊಲಿಗೆ ಬಿಚ್ಚಿಹಾಕಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಗೋಡೆಯ ಕೊನೆಯ ಮೊಳೆಗೆ ನೇತುಹಾಕಿದಳು. ಗುಂಡಿಯಿಲ್ಲದ ಹ್ಯಾಂಗರು ಆ ಅಂಗಡಿಯಲ್ಲಿ ಅದೊಂದೇ.

‘ಅಮ್ಮನ ಕತ್ತರಿ’ ಖಾತೆಯನ್ನು ಗುಂಡುಸೂಜಿ ಮುಚ್ಚಬೇಕೆಂದಿದ್ದಳು. ಮುಚ್ಚುವ ಮುಂಚೆ, ತಾಯಿಗೆ ಅಂಗಿ ಬೇಕೆಂದು ಬರೆದಿದ್ದ ಹುಡುಗಿಗೆ ಉತ್ತರ ಬರೆಯಲು ಕೂತಳು. ಆ ಹುಡುಗಿಯ ತಾಯಿ ನಂತರ ಶಟರಿನ ಅರ್ಧ ಬಾಗಿಲಿನಿಂದ ಬಗ್ಗಿ ಒಳಗೆ ಬಂದದ್ದೂ, ಹೋಗುವಾಗ ನೆಟ್ಟಗೆ ನಡೆದುಕೊಂಡು ಹೋದದ್ದೂ ನಿಜ. ಆ ಒಳ್ಳೆಯದನ್ನು ಈ ಕೆಟ್ಟದ್ದರ ಎದುರಿಗಿಟ್ಟು ತೂಗಿ ನೋಡಲು ಗುಂಡುಸೂಜಿ ಎಷ್ಟೋ ಸಲ ಪ್ರಯತ್ನಿಸಿದಳು. ಒಂದು ಇನ್ನೊಂದರ ತಕ್ಕಡಿಗೆ ಬರುತ್ತಲೇ ಇರಲಿಲ್ಲ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದಾಗಿತ್ತು, ಅವರನ್ನು ಒಂದು ಮಾತೂ ಕೇಳದೆ.

ಕಾಲೇಜಿನಲ್ಲಿ ಮೇಡಂ ಬೂದು ಅಂಗಿಯಲ್ಲಿ ಬಂದರು. ಮರುವಾರ ಇನ್ನೊಂದು ಬೂದು. ಪುಸ್ತಕವನ್ನು ಎದೆಗೆ ಅವಚುವುದನ್ನು ಬಿಟ್ಟರು. ಹುಡುಗಿಯರು ಮಾತ್ರ ಈಗ ಹೆದರಿಬಿಟ್ಟಿದ್ದರು. ಎಲ್ಲಿ ಕಣ್ಣು ತಪ್ಪಿ ಆ ಕಡೆ ಹೋಗುತ್ತದೋ ಎಂದು ಪಾಠದುದ್ದಕ್ಕೂ ಬೆಂಚು ನೋಡುತ್ತ ಕೂರುತ್ತಿದ್ದರು.

“ತಲೆ ಎತ್ತಿ,” ಎಂದರು ಮೇಡಂ ಒಂದು ದಿನ. “ಲೆಕ್ಕ ಇರೋದು ಬೋರ್ಡ್ ಮೇಲೆ. ನಾನು ಅದರ ಪಕ್ಕದಲ್ಲೇ ನಿಂತಿರ್ತೀನಿ, ಏನು ಮಾಡೋಕಾಗುತ್ತೆ?”

ಕೆಲವರು ತಲೆ ಎತ್ತಿದರು. ರೇಡಿಯೋ ಎತ್ತಿದಳು, ಕಣ್ಣು ತುಂಬಿಕೊಂಡಿದ್ದರೂ. ಗುಂಡುಸೂಜಿ ಎತ್ತಿ ಮೇಡಂ ಮುಖವನ್ನೇ ನೋಡಿದಳು. ಅವರು ಅವಳನ್ನು ನೋಡಿದರು, ಎಲ್ಲರನ್ನೂ ನೋಡುವಷ್ಟೇ ಹೊತ್ತು, ಮತ್ತೆ ಬೋರ್ಡಿನತ್ತ ತಿರುಗಿದರು. ಬೆಳಿಗ್ಗೆ ಕಿಟಕಿಯ ಹತ್ತಿರ ಯಾರೂ ಪಂಥ ಕಟ್ಟಲು ನಿಲ್ಲುತ್ತಿರಲಿಲ್ಲ. ಪಂಥಕ್ಕೆ ಏನೂ ಉಳಿದಿರಲಿಲ್ಲ.

ನೋಟಿಸ್ ಬೋರ್ಡಿನ ಪೋಸ್ಟರು ಬಣ್ಣ ಮಾಸಿ ಹಾಗೆಯೇ ಇತ್ತು, ಕೆಳಗಿನ ಸಾಲು ಖಾಲಿ. ಅಲ್ಲಿ ಏನು ಬರೆಯಬೇಕೆಂಬುದು ಗುಂಡುಸೂಜಿಗೆ ಈಗ ಗೊತ್ತಿತ್ತು. ಒಮ್ಮೆ ಪೆನ್ನು ತೆಗೆದುಕೊಂಡು ಹೋಗಿ ನಿಂತಳು ಕೂಡ. ಆದರೆ ಏನು ಬರೆದರೂ ಓದುವವರಿಗೆ ಮೇಡಂ ನೆನಪಾಗುತ್ತಾರೆ. ಪೆನ್ನಿನ ಮುಚ್ಚಳ ಹಾಕಿಕೊಂಡು ತರಗತಿಗೆ ಹೋದಳು.

ಕೆಲವು ಕಾಲದ ನಂತರ, ಅಂಗಡಿಯಲ್ಲಿ ಅಮ್ಮ ಒಳಗಿದ್ದಾಗ, ಹೊಸ ಗಿರಾಕಿಯೊಬ್ಬರು ಬಂದರು. ಮಾತಾಡುವ ಬಾಯಿ, ಮುಟ್ಟಿ ನೋಡುವ ಕೈ. ಗೋಡೆಯುದ್ದಕ್ಕೂ ಬಟ್ಟೆಗಳನ್ನು ಸರಿಸಿ ನೋಡುತ್ತ ಕೊನೆಯ ಮೊಳೆಯ ಹತ್ತಿರ ನಿಂತರು.

“ಅಯ್ಯೋ, ಎಷ್ಟು ಮುದ್ದಾಗಿದೆ! ಹಕ್ಕಿಗಳು ನೋಡು ಹೇಗೆ ಹಾರ್ತಿವೆ. ಇದನ್ನೇ ಎಲ್ಲೋ ನೋಡಿದ ಹಾಗಿದೆಯಲ್ಲ… ಯಾರದಮ್ಮ ಇದು?”

ಚಿಕ್ಕಮ್ಮನ ಸೂಜಿ ಬಟ್ಟೆಯಲ್ಲೇ ನಿಂತಿತು. ಗುಂಡುಸೂಜಿ ಎದ್ದು ಹೋದಳು. ಅವರ ಕೈಯಿಂದ ಅಂಗಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಮುಂಭಾಗ ಗೋಡೆಗೆ ಬರುವಂತೆ ತಿರುಗಿಸಿ ಹಾಕಿದಳು.

“ಬನ್ನಿ ಆಂಟಿ, ಈ ಕಡೆ ಕೂತ್ಕೊಳ್ಳಿ,” ಎಂದಳು. “ನಿಮ್ಮದೇನು ಹೊಲೀಬೇಕು ಹೇಳಿ.”